ಹಸಿದ ಹವಳ

ಶೇಖರ ಭಂಡಾರಿಯ ಸಲೂನಿಗೆ ಹವಳ ಸಂರಕ್ಷಣಾ ದಳದವರು ನುಗ್ಗಿದಾಗ ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ಒಂದು ಕೆನ್ನೆ ಮಾತ್ರ ಬೋಳಿಸಿ ಆಗಿತ್ತು. ದಳದ ಇಬ್ಬರು ಯಾರನ್ನೂ ಕೇಳದೆ, ಎರಡು ಕನ್ನಡಿಗಳ ನಡುವೆ ಇಟ್ಟಿದ್ದ ಗಾಜಿನ ತೊಟ್ಟಿಗೆ ಹಳದಿ ಪಟ್ಟಿ ಸುತ್ತಿದರು. ದಳದ ಮೂರನೆಯವನು ಗಿರಾಕಿಯ ಕುತ್ತಿಗೆಯಿಂದ ಬಟ್ಟೆ ಎಳೆದು, "ಏಳಿ, ಅಂಗಡಿ ಬಂದ್" ಎಂದ. ಆ ಮನುಷ್ಯ ಕೆನ್ನೆಯ ನೊರೆಯನ್ನು ಅಂಗೈಯಿಂದ ಒರೆಸಿಕೊಳ್ಳುತ್ತ ಮಲ್ಪೆಯ ಬೀದಿಗೆ ಇಳಿದ.

ಅವರೆಲ್ಲರ ಹಿಂದೆ ಒಳಗೆ ಬಂದವಳು ಹರಿಣಾಕ್ಷಿ. ಕೈಯಲ್ಲಿ ನೀರಿನ ಮಾದರಿ ತುಂಬುವ ಶೀಸೆಗಳು, ಎದೆಯ ಮೇಲೆ ‘ಶುಭ್ರಸಾಗರ’ ಕಂಪೆನಿಯ ಗುರುತಿನ ಚೀಟಿ. ಕಂಪೆನಿಯ ನಿಯಂತ್ರಣ ಕೊಠಡಿಯಲ್ಲಿ ಅವಳು ನೀರಿನ ವಿಶ್ಲೇಷಕಿ. ಮನೆ ಪಡುಕೆರೆಯಲ್ಲಿ, ಶೇಖರನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ.

"ನೀನಾ?" ಎಂದ ಶೇಖರ.

"ನಾನು ನೀರು ತಗೊಳ್ಳಿಕ್ಕೆ ಮಾತ್ರ ಬಂದದ್ದು, ಶೇಖರಣ್ಣ."

"ಎಂತಕ್ಕೆ ತಗೊಳ್ಳುದು? ನನ್ನನ್ನು ಒಳಗೆ ಹಾಕ್ಲಿಕ್ಕಾ?"

ಅವಳು ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅಂಗೈಯಗಲ ಅರಳಿ, ಮೈತುಂಬ ಸಣ್ಣ ಸಣ್ಣ ಬೆರಳುಗಳನ್ನು ಆಡಿಸುತ್ತಿದ್ದ ತೊಗಲು ಹವಳ ಕುಗ್ಗಿ, ಬಿಳಿಚಿ, ಒಂದು ಬದಿಗೆ ಕರಗಿ ಬಿದ್ದಿತ್ತು. ಪಕ್ಕದ ಅಣಬೆ ಹವಳಗಳು ಒಣಗಿದ ಬಟಾಣಿಯಷ್ಟಾಗಿದ್ದವು. ನೀರು ಮಾತ್ರ ಎಷ್ಟು ತಿಳಿಯಾಗಿತ್ತೆಂದರೆ ತೊಟ್ಟಿಯಲ್ಲಿ ನೀರೇ ಇಲ್ಲವೇನೋ ಎನ್ನಿಸುತ್ತಿತ್ತು.

"ನಾನು ಎಂತ ಮಾಡಿದ್ದು ಹೇಳು ಮಾರಾಯ್ತಿ," ಎಂದ ಶೇಖರ. ಅವನ ದನಿ ಏರಿತು. "ಮುಚ್ಚಳಕ್ಕೆ ಬೀಗ ಹಾಕಿದ್ದು ನಿಮ್ಮವರು. ನೀರು ಬದಲು ಮಾಡ್ಬಾರ್ದು ಅಂತ ಹೇಳಿದ್ದು ನಿಮ್ಮವರು. ಮೀನು ಗಲೀಜು ಮಾಡ್ತದೆ ಅಂತ ನನ್ನ ಎರಡು ನೀಲಿ ಮೀನು ಹಿಡ್ಕೊಂಡು ಹೋದದ್ದೂ ನಿಮ್ಮವರೇ. ಆ ಡಬ್ಬಕ್ಕೆ ಕೈ ಹಾಕ್ಲಿಕ್ಕೆ ನನಗೆ ಬಿಟ್ರೆ ಅಲ್ವಾ ನಾನು ಕೊಲ್ಲುದು!"

ದಳದವನು ಅವನ ಕೈಗೆ ನೋಟೀಸು ಕೊಟ್ಟ. ಆರೋಪ: ಸಲೂನಿನ ಪೌಡರು ಮತ್ತು ಸೆಂಟಿನ ಹಾವಳಿಯಿಂದ ಸಂರಕ್ಷಿತ ಜೀವಿಯ ಸಾವು, ನಿರ್ಲಕ್ಷ್ಯ. ತೀರ್ಪು ಬರುವ ತನಕ ಅಂಗಡಿಗೆ ಮೊಹರು.

ಹರಿಣಾಕ್ಷಿ ಶೀಸೆ ತುಂಬಿಸಿಕೊಂಡು ಹೊರಗೆ ಬರುವಾಗ ಶೇಖರ ಅವಳ ಮುಖವನ್ನೂ ನೋಡಲಿಲ್ಲ.

ಹಿಂದೆ ಕೆಲವು ವರ್ಷ ಬೇಸಿಗೆಯಲ್ಲಿ ಕಾದ ಕಡಲು ಮಳೆಗಾಲದಲ್ಲಿಯೂ ತಣಿಯಲಿಲ್ಲ. ಕರಾವಳಿಯ ದ್ವೀಪಗಳ ಬುಡದಲ್ಲಿ ಇದ್ದ ಹವಳಗಳು ಬಿಳಿಚಿಕೊಂಡು ಸತ್ತವು. ಅಷ್ಟರಲ್ಲಿ ಕೆಲವು ವಿಜ್ಞಾನಿಗಳು ಗಟ್ಟಿ ಜಾತಿಯ ಹವಳಗಳ ತುಂಡುಗಳನ್ನು ಮೇಲೆ ತಂದಿದ್ದರು. ತೊಗಲು ಹವಳ, ಅಣಬೆ ಹವಳ, ಅಂಗಿಗುಂಡಿಯ ಹಾಗೆ ಒತ್ತೊತ್ತಾಗಿ ಬೆಳೆಯುವ ಗುಂಡಿ ಹವಳ, ಹೀಗೆ ಸುಲಭಕ್ಕೆ ಸಾಯದಂಥವು. ಎಲ್ಲವನ್ನೂ ಒಂದೇ ಪ್ರಯೋಗಾಲಯದಲ್ಲಿ ಇಟ್ಟರೆ ಒಂದು ರೋಗ ಬಂದರೂ ಸಾಕು, ಎಲ್ಲ ಹೋಯಿತು. ಅದಕ್ಕೆ ಸರಕಾರ ‘ಮನೆಹವಳ’ ಎಂಬ ಯೋಜನೆ ಮಾಡಿ ತುಂಡುಗಳನ್ನು ಕರಾವಳಿಯ ಮನೆಮನೆಗೆ ಹಂಚಿತು. ಕಡಲು ತಣಿದ ಮೇಲೆ ಮರಳಿಸಬೇಕು. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ, ಕೊಂದರೆ ಜೈಲು.

ಜನ ಪ್ರೀತಿಯಿಂದಲೇ ಸಾಕಿದರು. ವಾರಕ್ಕೊಮ್ಮೆ ಬಕೆಟ್ಟಿನಷ್ಟು ನೀರು ತೆಗೆದು ಹೊಸ ಕಡಲ ನೀರು ಹಾಕುವುದು, ಮೀನಿಗೆ ಚಿಟಿಕೆ ಆಹಾರ ಹಾಕುವುದು, ಅಷ್ಟೇ ಕೆಲಸ. ಹವಳಗಳು ಬೆಳೆದವು. ಆಮೇಲೆ ಯೋಜನೆ ‘ಶುಭ್ರಸಾಗರ’ದ ಕೈಗೆ ಹೋಯಿತು. ಕಂಪೆನಿ ಪ್ರತಿ ತೊಟ್ಟಿಗೂ ಒಂದು ಶುದ್ಧೀಕರಣ ಯಂತ್ರ ಕೂರಿಸಿ, ಮುಚ್ಚಳಕ್ಕೆ ಬೀಗ ಜಡಿಯಿತು. ನೀರು ಎಷ್ಟು ಶುದ್ಧವೋ ಅಷ್ಟಕ್ಕೆ ತಕ್ಕಂತೆ ಸರಕಾರ ಕಂಪೆನಿಗೆ ಹಣ ಕೊಡಬೇಕೆಂಬ ಕರಾರು. ಈ ವರ್ಷ ಕಂಪೆನಿಯ ಮೇಲಿನವರಿಂದಲೇ ಎಲ್ಲ ಯಂತ್ರಗಳಿಗೆ ‘ಪೂರ್ಣ ಶುದ್ಧಿ’ ಎಂಬ ಹೊಸ ಆದೇಶ ಹೋಗಿತ್ತು.

ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯ ನಕಾಶೆ. ಒಂದೊಂದು ಮನೆಗೆ ಒಂದೊಂದು ಚುಕ್ಕೆ. ಬದುಕಿದ್ದರೆ ಹಸಿರು, ಸತ್ತರೆ ಕಪ್ಪು. ಮಲ್ಪೆಯಿಂದ ಕುಂದಾಪುರದ ಕಡೆಗೆ ಕಪ್ಪು ಇರುವೆ ಸಾಲಿನ ಹಾಗೆ ಹಬ್ಬಿತ್ತು. ಒಂದು ಮನೆಯ ಕಾರಣ ಫಿನಾಯಿಲು, ಇನ್ನೊಂದರದು ಮೀನು ಹುರಿದ ಹೊಗೆ, ಮತ್ತೊಂದರದು ಊದುಬತ್ತಿ. ಪ್ರತಿ ಕಪ್ಪು ಚುಕ್ಕೆಗೂ ಕಂಪೆನಿ ಒಂದು ಮನೆಯ ತಪ್ಪು ಹುಡುಕಿಟ್ಟಿತ್ತು.

ಹರಿಣಾಕ್ಷಿ ಶೇಖರನ ತೊಟ್ಟಿಯ ನೀರನ್ನು ತಾನೇ ಪರೀಕ್ಷಿಸಿದಳು. ಪೌಡರಿನ ಗುರುತಿಲ್ಲ. ಸೆಂಟಿನ ಗುರುತಿಲ್ಲ. ನೀರಿನ ಜೀವಿಗಳಿಗೆ ಪೋಷಣೆ ಕೊಡುವ ನೈಟ್ರೇಟ್ ಇಲ್ಲ. ಫಾಸ್ಫೇಟ್ ಇಲ್ಲ. ಉಪಕರಣವೇ ಕೆಟ್ಟಿದೆಯೇನೋ ಎಂದು ಇನ್ನೊಮ್ಮೆ ನೋಡಿದಳು. ಅದೇ ಉತ್ತರ. ಆಗ ಅವಳಿಗೆ ಆ ತೊಟ್ಟಿಯ ಗಾಜು ಕಣ್ಣಿಗೆ ಕಟ್ಟಿತು. ಗಾಜಿನ ಮೇಲೆ ಪಾಚಿಯ ಒಂದು ಎಳೆಯೂ ಇರಲಿಲ್ಲ. ಎಲ್ಲಿ ಬೇಕಾದರೂ ಬೆಳೆಯುವ, ಉಜ್ಜಿದರೂ ಬಿಡದ ಆ ಹಸಿರು ಪಾಚಿಗೇ ಬದುಕಲು ಆಗದ ನೀರಿನಲ್ಲಿ ಹವಳ ಹೇಗೆ ಬದುಕೀತು?

ಅವಳು ಉಳಿದ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ತೆರೆದಳು. ಫಿನಾಯಿಲಿನ ಮನೆ: ಶೂನ್ಯ, ಶೂನ್ಯ. ಊದುಬತ್ತಿಯ ಮನೆ: ಶೂನ್ಯ, ಶೂನ್ಯ. ಎಲ್ಲ ಮನೆಗಳ ನೀರಿಗೂ ಕಂಪೆನಿ ಪೂರ್ಣ ಅಂಕ ಕೊಟ್ಟಿತ್ತು.

ಮುಖ್ಯ ವಿಜ್ಞಾನಿ ನಿರಂಜನ ಹತ್ವಾರರ ಕೋಣೆಗೆ ಅವಳು ಬಾಗಿಲು ತಟ್ಟದೆಯೇ ಹೋದಳು.

"ಸರ್, ಹವಳ ಪೌಡರಿನಿಂದ ಸತ್ತದ್ದಲ್ಲ. ಹಸಿವಿನಿಂದ ಸತ್ತದ್ದು."

ಹತ್ವಾರರು ಕನ್ನಡಕ ತೆಗೆದಿಟ್ಟರು. "ಹವಳದ ದಂಡೆಯ ನೀರಿನಲ್ಲಿ ಪೋಷಕಾಂಶ ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ, ಹರಿಣಾಕ್ಷಿಯವರೇ. ನಿಮ್ಮ ಎಮ್ಮೆಸ್ಸಿ ಪಾಠ ನೆನಪಿಸಿಕೊಳ್ಳಿ."

"ನೆನಪುಂಟು ಸರ್. ಕಡಲಿನಲ್ಲಿ ಪ್ರವಾಹ ಕ್ಷಣಕ್ಷಣಕ್ಕೂ ಹೊಸ ತುತ್ತು ತಂದು ಬಾಯಿಗೆ ಹಾಕ್ತದೆ. ಇಲ್ಲಿ ನಾವು ಮೀನು ತೆಗೆದೆವು, ಆಹಾರ ನಿಲ್ಲಿಸಿದೆವು, ನೀರು ಬದಲಿಸುದನ್ನೂ ನಿಲ್ಲಿಸಿದೆವು. ಮೇಲಿಂದ ಮೆಷಿನ್ ಇಟ್ಟು ಉಳಿದದ್ದನ್ನೂ ಬಸಿದೆವು. ಹವಳದ ಮೈಯೊಳಗಿನ ಪಾಚಿ ಬೆಳಕಿನಲ್ಲಿ ಬರೀ ಸಕ್ಕರೆ ಮಾಡ್ತದೆ. ಬರೀ ಗಂಜಿತಿಳಿ ಕುಡಿದು ನೀವು ಎಷ್ಟು ಕಾಲ ಬದುಕ್ತೀರಿ?"

"ಕೂತ್ಕೊಳ್ಳಿ."

"ಕೂತ್ಕೊಳ್ಳಿಕ್ಕೆ ಬಂದದ್ದಲ್ಲ. ಪೂರ್ಣ ಶುದ್ಧಿಯ ಆದೇಶ ಈಗಲೇ ವಾಪಾಸು ತಗೊಳ್ಳಿ. ಉಳಿದವಾದರೂ ಬದುಕ್ತವೆ."

ಹತ್ವಾರರು ಕಿಟಕಿಯ ಕಡೆ ನೋಡಿದರು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು. "ಆದೇಶ ತಿರುಗಿಸಿದರೆ ಇಷ್ಟು ಹವಳ ಕೊಂದದ್ದು ನಾವೇ ಎಂದು ಒಪ್ಪಿಕೊಂಡ ಹಾಗೆ. ಕರಾರು ಹೋಗ್ತದೆ. ಈ ಕೊಠಡಿಯಲ್ಲಿ ಇರುವ ಎಲ್ಲರ ಕೆಲಸ ಹೋಗ್ತದೆ, ನಿಮ್ಮದೂ."

ಅವಳಿಗೆ ಅರ್ಥವಾಯಿತು. ಈ ಮನುಷ್ಯನಿಗೆ ಗೊತ್ತಿತ್ತು. ತಾನು ಇವತ್ತು ಕಂಡದ್ದನ್ನು ಇವರು ಎಂದೋ ಕಂಡಿದ್ದರು.

"ನಿಮಗೆ ಗೊತ್ತಿತ್ತು!" ಅವಳ ಕೂಗಿಗೆ ಹೊರಗಿನ ಮೇಜುಗಳಲ್ಲಿ ತಲೆಗಳು ಎದ್ದವು. "ಗೊತ್ತಿದ್ದೂ ಆ ಭಂಡಾರಿಯ ಅಂಗಡಿ ಮುಚ್ಚಿಸಿದ್ರಿ. ಮೀನು ಹುರಿದ ಹೆಂಗಸಿನ ಮೇಲೆ ಕೇಸು ಹಾಕಿದ್ರಿ. ನಾಚಿಕೆ ಆಗುದಿಲ್ವಾ ನಿಮಗೆ?"

"ಸೋಮವಾರ ವಿಚಾರಣೆ," ಎಂದರು ಹತ್ವಾರರು. "ಭಂಡಾರಿಯ ಕೇಸಿನಲ್ಲಿ ನೀರಿನ ಸಾಕ್ಷಿ ನೀವು. ನೀರಿನ ಶುದ್ಧಿಯಲ್ಲಿ ನಮ್ಮ ಕಡೆಯಿಂದ ಯಾವ ಕೊರತೆಯೂ ಇರಲಿಲ್ಲ ಎಂದು ಹೇಳಿ ಬನ್ನಿ. ಅದು ಸುಳ್ಳಲ್ಲವಲ್ಲ. ಈಗ ಮನೆಗೆ ಹೋಗಿ."

ಮನೆಯಲ್ಲಿ ಅವಳ ಗಂಡ ವಾಮನ ಬೋಟಿನ ಎಂಜಿನ್ ಕೆಲಸ ಮುಗಿಸಿ ಬಂದು ಕೈಯ ಗ್ರೀಸು ತೊಳೆಯುತ್ತಿದ್ದ. ಅವಳು ಚಪ್ಪಲಿ ಬಿಟ್ಟ ರಭಸಕ್ಕೆ ಒಂದು ಚಪ್ಪಲಿ ಅಂಗಳಕ್ಕೆ ಹಾರಿತು.

"ಎಂತ ಆಯ್ತು?"

ಅವಳು ಹೇಳದೆ ಹಿಂದಿನ ಚಾವಡಿಗೆ ಹೋದಳು. ಅಲ್ಲಿ ಬಂದರಿನಿಂದ ತಂದ, ಮೀನು ಸಾಗಿಸುವ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಇತ್ತು. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಕಡಲ ನೀರು ತುಂಬಿಸಿದ್ದಳು. ಮೇಲಿಂದ ಹಾರ್ಡ್‌ವೇರ್ ಅಂಗಡಿಯ ಸಾದಾ ಎಲ್‌ಇಡಿ ದೀಪ, ಮೂಲೆಯಲ್ಲಿ ಗುಳುಗುಳು ಎನ್ನುವ ಗಾಳಿ ಪಂಪು. ಎರಡು ಸಣ್ಣ ಮೀನುಗಳು ತಿಂದು, ಹೇತು, ಜಗಳವಾಡಿಕೊಂಡು ತಿರುಗುತ್ತಿದ್ದವು. ನಡುವೆ ಕಲ್ಲಿನ ಮೇಲೆ ತೊಗಲು ಹವಳ ಬಟ್ಟಲಿನ ಹಾಗೆ ಅಗಲವಾಗಿ ಅರಳಿ ನಿಂತಿತ್ತು.

ಅದು ಶೇಖರನ ಹವಳದ ತುಂಡೇ. ಮುಚ್ಚಳಕ್ಕೆ ಬೀಗ ಬೀಳುವ ಮೊದಲು ಅವನ ತೊಟ್ಟಿ ತೊಳೆಯಲು ಅವಳು ಸಹಾಯ ಮಾಡಿದ್ದಳು. ಆಗ ಕಲ್ಲು ಜಾರಿ ಒಂದು ಚೂರು ಮುರಿದಿತ್ತು. "ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ, ನೀನೇ ಸಾಕು" ಎಂದು ಅವನೇ ಅವಳ ಕೈಗೆ ಕೊಟ್ಟಿದ್ದ. ನೋಂದಣಿ ಇಲ್ಲದ ಹವಳ ಮನೆಯಲ್ಲಿ ಇಡುವುದೂ ಅಪರಾಧವೇ. ಆದರೂ ಇಟ್ಟಿದ್ದಳು. ದೊಡ್ಡ ತೊಟ್ಟಿ, ದುಬಾರಿ ದೀಪ ಅವಳ ಸಂಬಳಕ್ಕೆ ಎಟಕುವಂಥದಲ್ಲ. ಸಿಕ್ಕಿದ್ದರಲ್ಲಿ ಸಾಕಿದ್ದಳು. ವಾಮನ ಪರಿಚಯದ ಬೋಟಿನವರ ಕೈಯಲ್ಲಿ ಹೊಳೆ ಕಡಲು ಸೇರುವ ಹೊಳೆಬಾಗಿಲಿನಿಂದ ಆಚೆಯ ತಿಳಿನೀರು ತರಿಸುತ್ತಿದ್ದ. ಅವಳು ವಾರಕ್ಕೊಮ್ಮೆ ಅದನ್ನು ಸ್ವಲ್ಪವೇ ಬದಲಿಸುತ್ತಿದ್ದಳು. ಆವಿಯಾದಷ್ಟು ಸಿಹಿನೀರು ತುಂಬುತ್ತಿದ್ದಳು, ಉಪ್ಪು ಏರಬಾರದೆಂದು. ಯಾವಾಗಲಾದರೊಮ್ಮೆ ಸಿಗಡಿ ತೊಳೆದ ನೀರಿನ ನಾಲ್ಕು ಹನಿ.

ವಾಮನ ಬಾಗಿಲಲ್ಲಿ ನಿಂತು ಅವಳು ಹೇಳಿದ್ದನ್ನೆಲ್ಲ ಕೇಳಿದ. ಕೇಳಿ ಪೆಟ್ಟಿಗೆಯ ಕಡೆ ನೋಡಿದ.

"ಒಂದೇ ಹವಳ, ಎರಡು ತುಂಡು," ಎಂದಳು ಹರಿಣಾಕ್ಷಿ. "ಒಂದು ಅವರ ಶುದ್ಧ ನೀರಿನಲ್ಲಿ ಸತ್ತಿತು. ಒಂದು ನಮ್ಮ ಗಲೀಜು ನೀರಿನಲ್ಲಿ ಬೆಳೆಯಿತು. ಇದಕ್ಕಿಂತ ದೊಡ್ಡ ಪ್ರಯೋಗ ಬೇಕಾ?"

"ತೋರಿಸಿದ್ರೆ ನಿನ್ನ ಮೇಲೆ ಕೇಸು ಬೀಳ್ತದೆ."

"ಬೀಳ್ಲಿ."

"ಕೆಲಸ?"

"ನಾನು ಇವತ್ತು ಅಲ್ಲಿ ಆ ನೀರು ತುಂಬಿಸ್ತಾ ಇದ್ದೆ. ಶೇಖರಣ್ಣ ನನ್ನ ಮುಖ ನೋಡ್ಲಿಲ್ಲ. ಗೊತ್ತುಂಟಾ? ನನ್ನ ಮುಖ ನೋಡ್ಲಿಲ್ಲ!" ಹೇಳುತ್ತ ಅವಳ ದನಿ ಒಡೆಯಿತು. ಅಳು ಎಂದುಕೊಂಡು ವಾಮನ ಹತ್ತಿರ ಬಂದ. ಅಳುವಲ್ಲ, ಸಿಟ್ಟು.

ವಾಮನ ಬಗ್ಗಿ ಪಂಪಿನ ವಯರು ಹಿಡಿದು ನೋಡಿದ. ಆಮೇಲೆ, "ಪಂಪಿಗೆ ಬ್ಯಾಟರಿ ಕಟ್ಟಬೇಕು, ಹಾಗಾದ್ರೆ. ದಾರಿಯಲ್ಲಿ ಗಾಳಿ ನಿಂತ್ರೆ ಆಗ್ಲಿಕ್ಕಿಲ್ಲ," ಎಂದ.

ವಿಚಾರಣೆ ನಡೆದದ್ದು ಉಡುಪಿಯ ಒಂದು ಹಳೆಯ ಕಟ್ಟಡದಲ್ಲಿ. ಜಗಲಿಯ ತುಂಬ ಜನ. ಅವತ್ತು ಕರೆಸಿದ್ದ ಮನೆಯವರೆಲ್ಲ ಅಲ್ಲಿ ಕೂತಿದ್ದರು. ಮಧ್ಯಾಹ್ನದ ಬುತ್ತಿ, ನೀರಿನ ಬಾಟಲಿ, ಕೈಯಲ್ಲಿ ನೋಟೀಸು. ಮೀನು ಹುರಿದ ಆರೋಪದ ಬೆನೆಡಿಕ್ಟಾ ಬಾಯಿ ಎಲ್ಲರಿಗೂ ಕೇಳುವ ಹಾಗೆ, "ಕಡಲಿನ ಪ್ರಾಣಿಗೆ ಮೀನಿನ ವಾಸನೆ ಆಗುದಿಲ್ಲವಂತೆ! ಹುಟ್ಟಿದ್ದು ಎಲ್ಲಿ ಅದು, ದೇವಸ್ಥಾನದಲ್ಲಾ?" ಎಂದು ಬೈಯುತ್ತಿದ್ದರು.

ವಿಚಾರಣಾಧಿಕಾರಿ ಕಮಲಾ ಹೊಸಮನಿ ಧಾರವಾಡದ ಕಡೆಯವರು. ಕಂಪೆನಿಯ ಆರೋಪವನ್ನು ಹತ್ವಾರರೇ ಓದಿದರು. ಪೌಡರು, ಸೆಂಟು, ನಿರ್ಲಕ್ಷ್ಯ. ಶೇಖರ ತಲೆ ತಗ್ಗಿಸಿ ನಿಂತಿದ್ದ. ಬೇರೆಯವರ ತಲೆ ನೇವರಿಸುವ ಆ ಕೈಗಳು ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿನ ಬದಿಯನ್ನು ಉಜ್ಜುತ್ತಿದ್ದವು.

"ನೀರಿನ ಸಾಕ್ಷಿ ಯಾರ್ರಿ?"

ಹರಿಣಾಕ್ಷಿ ಎದ್ದಳು. "ನಾನು ಮೇಡಂ. ನೀರಿನಲ್ಲಿ ಪೌಡರ್ ಇರ್ಲಿಲ್ಲ. ಸೆಂಟ್ ಇರ್ಲಿಲ್ಲ. ನೀರಿನಲ್ಲಿ ಏನೂ ಇರ್ಲಿಲ್ಲ. ಅದಕ್ಕೇ ಹವಳ ಸತ್ತದ್ದು."

ಹತ್ವಾರರು ಎದ್ದು ನಿಂತರು. ಅಷ್ಟರಲ್ಲಿ ವಾಮನ ಪೆಟ್ಟಿಗೆಯನ್ನು ಒಳಗೆ ಹೊತ್ತು ತಂದು ಮೇಜಿನ ಮೇಲೆ ಇಟ್ಟಾಗಿತ್ತು. ಹೊಸಮನಿಯವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಇದ್ಯಾವುದರೀ?"

"ಇದೂ ಶೇಖರಣ್ಣನ ಹವಳವೇ. ನನ್ನ ಮನೆಯಲ್ಲಿ ಇತ್ತು. ನೋಂದಣಿ ಇಲ್ಲ. ಅಪರಾಧ ಅಂತ ಗೊತ್ತುಂಟು."

"ಅವರದ ಅಂತ ಹೆಂಗ ನಂಬೂದು?"

"ನಿಮ್ಮ ದಳದವರ ಹತ್ತಿರ ಗುರುತಿನ ಉಪಕರಣ ಉಂಟಲ್ಲ. ಹತ್ವಾರ್ ಸರ್ ಕೈಯಿಂದಲೇ ನೋಡಿಸಿ."

ಪ್ರತಿ ಹವಳದ ಆನುವಂಶಿಕ ಗುರುತನ್ನು ಯೋಜನೆಯ ಶುರುವಿನಲ್ಲೇ ದಾಖಲು ಮಾಡಿದ್ದರು. ಹವಳದ ಲೋಳೆಯ ಒಂದು ಹನಿ ಸಾಕು, ಆ ಉಪಕರಣ ಯಾವ ಮನೆಯದೆಂದು ಹೇಳುತ್ತಿತ್ತು. ಎಲ್ಲರ ಕಣ್ಣೂ ಹತ್ವಾರರ ಮೇಲೆ ಇತ್ತು. ಅವರು ಹನಿ ತೆಗೆದರು. ಉಪಕರಣ ಯೋಚಿಸಿ ಯೋಚಿಸಿ ಕೊನೆಗೆ ಹೇಳಿತು: ಮಲ್ಪೆ, ಶೇಖರ ಭಂಡಾರಿ.

ಜಗಲಿಯಲ್ಲಿ ಗಲಾಟೆ ಎದ್ದಿತು. ಬಾಗಿಲಿಗೆ ಜನ ಮುತ್ತಿದರು. ಹರಿಣಾಕ್ಷಿ ಎಲ್ಲವನ್ನೂ ಹೇಳಿದಳು. ಪೂರ್ಣ ಶುದ್ಧಿಯ ಆದೇಶ, ಕರಾರು, ಸೊನ್ನೆಯಾದ ನೀರು. ಹೇಳುವಾಗ ಅವಳು ಹೊಸಮನಿಯವರ ಕಡೆಗಲ್ಲ, ಬಾಗಿಲಿನಲ್ಲಿ ನಿಂತವರ ಕಡೆಗೆ ತಿರುಗಿದ್ದಳು. "ನೀವು ಯಾರೂ ಕೊಂದದ್ದಲ್ಲ. ನಿಮ್ಮ ಮನೆಯಲ್ಲಿ ಅದನ್ನು ಉಪವಾಸ ಕೆಡವಿದ್ದು ಕಂಪೆನಿ."

ಹೊಸಮನಿಯವರು ಬಹಳ ಹೊತ್ತು ಬರೆದರು. ಶೇಖರನ ಅಂಗಡಿಯ ಮೊಹರು ತೆಗೆಯಲು ಅಪ್ಪಣೆ ಕೊಟ್ಟರು. ಉಳಿದ ಕೇಸುಗಳಲ್ಲಿ ಕಂಪೆನಿ ಲಿಖಿತ ಉತ್ತರ ಕೊಡಬೇಕು ಎಂದರು. ಆಮೇಲೆ ಪೆಟ್ಟಿಗೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಇದು ನೋಂದಣಿ ಇಲ್ಲದ ಮಾಲು. ಜಪ್ತಿ ಮಾಡಬೇಕಾಗ್ತದ. ಜಪ್ತಿ ಆದ ಹವಳ ಅಧಿಕೃತ ತೊಟ್ಟಿಗೆ ಹೋಗಬೇಕು. ಅಧಿಕೃತ ಅಂದ್ರ ಕಂಪೆನಿ ತೊಟ್ಟಿ ಒಂದ ಐತಿ."

"ಅದೇ ನೀರಿಗಾ?" ಹರಿಣಾಕ್ಷಿಗೆ ತಾನು ಕೇಳಿದ್ದು ಸರಿಯೇ ಎಂದು ಒಂದು ಗಳಿಗೆ ಅನುಮಾನವಾಯಿತು. "ಕೊಂದವರ ಕೈಗೇ ಕೊಡುದಾ ಮೇಡಂ? ಎಂತ ಕಾನೂನು ಇದು?"

"ಕಾನೂನು ನಾ ಬರದದ್ದಲ್ಲವ್ವಾ," ಎಂದರು ಹೊಸಮನಿಯವರು. ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. "ಜಪ್ತಿ ಪತ್ರ ಊಟಾ ಮಾಡಿ ಬಂದು ಬರೀತೀನಿ. ಅಲ್ಲೀತನಕ ಪೆಟಗಿ ನಿನ್ನ ಕಡೆನ ಇರ್ಲಿ. ಪತ್ರದಾಗ ‘ಹವಳ ಒಂದು’ ಅಂತ ಇರ್ತದ. ಎಷ್ಟು ದೊಡ್ಡದು ಅಂತ ಕಾಯ್ದೆ ಕೇಳೂದಿಲ್ಲ."

ಅವರು ಹೋದ ಮೇಲೆ ಹರಿಣಾಕ್ಷಿ ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಸಿಕೊಂಡಳು. ಮರುಕ್ಷಣ ಪೆಟ್ಟಿಗೆಯನ್ನು ಜಗಲಿಗೆ ಎತ್ತಿಸಿದಳು.

"ಶೇಖರಣ್ಣ, ಹೊಸ ಬ್ಲೇಡು ಉಂಟಾ?"

ಶೇಖರ ಅವಳ ಮುಖ ನೋಡಿದ. ಎದುರಿನ ಅಂಗಡಿಗೆ ಓಡಿದ.

ತೊಗಲು ಹವಳವನ್ನು ಕತ್ತರಿಸಿದರೆ ಸಾಯುವುದಿಲ್ಲ. ಒಂದೊಂದು ಚೂರೂ ಒಂದೊಂದು ಹವಳವಾಗುತ್ತದೆ. ಹರಿಣಾಕ್ಷಿ ಗೆರೆ ತೋರಿಸಿದಳು, ಶೇಖರ ಕತ್ತರಿಸಿದ. ಹವಳ ಲೋಳೆ ಬಿಟ್ಟು ಮುದುಡಿತು. ವಾಮನ ಅಂಗಳದ ಕಲ್ಲುಚೂರು ತೊಳೆದು, ರಬ್ಬರ್ ಬ್ಯಾಂಡಿನಿಂದ ಒಂದೊಂದು ತುಂಡನ್ನೂ ಒಂದೊಂದು ಕಲ್ಲಿಗೆ ಸಡಿಲವಾಗಿ ಕಟ್ಟಿದ. ಜನ ಬುತ್ತಿಯ ಡಬ್ಬಿ ಖಾಲಿ ಮಾಡಿ ತೊಳೆದು ಒಡ್ಡಿದರು. ಬೆನೆಡಿಕ್ಟಾ ಬಾಯಿ ಸ್ಟೀಲಿನ ಡಬ್ಬಿಯ ಸಾರನ್ನು ಗಟಗಟನೆ ಕುಡಿದೇ ಒಡ್ಡಿದರು. ಉಪ್ಪುನೀರಿಗೆ ಸ್ಟೀಲು ಬೇಡವೆಂದು ಹರಿಣಾಕ್ಷಿ ಅವರಿಗೆ ಪ್ಲಾಸ್ಟಿಕ್ ಬಾಟಲಿ ಕೊಡಿಸಿದಳು.

"ಮುಚ್ಚಳದ ಬೀಗ ಒಡೀರಿ," ಎಂದು ಅವಳು ಜಗಲಿಯಲ್ಲಿ ನಿಂತು ಕೂಗಿದಳು. "ಆ ಮೆಷಿನ್ ಬಂದ್ ಮಾಡಿ. ದೊಡ್ಡ ಖರ್ಚು ಎಂತದೂ ಬೇಡ. ಥರ್ಮಾಕೋಲ್ ಪೆಟ್ಟಿಗೆ ಆದ್ರೂ ಆಗ್ತದೆ. ಗಾಳಿ ಬೇಕು, ಸಾದಾ ಬಿಳಿ ಬೆಳಕು ಬೇಕು. ಒಂದು ಸಣ್ಣ ಮೀನು ಹಾಕಿ, ಅದಕ್ಕೆ ಚೂರು ತಿನ್ನಿಸಿ. ಪ್ರತಿ ದಿನ ನೀರು ಕಲಕ್ಬೇಡಿ. ವಾರಕ್ಕೊಮ್ಮೆ ಸ್ವಲ್ಪ ಬದಲು ಮಾಡಿ, ಸಾಕು. ಗಾಜಿಗೆ ಪಾಚಿ ಬಂದ್ರೆ ಹೆದರ್ಬೇಡಿ. ಕೈ ತೊಳ್ಕೊಳ್ಳಿ, ಗುಂಡಿ ಹವಳದಲ್ಲಿ ವಿಷ ಉಂಟು, ಮುಟ್ಟಿದ ಕೈ ಕಣ್ಣಿಗೆ ತಾಗ್ಬಾರ್ದು!"

ಹತ್ವಾರರು ಮೆಟ್ಟಿಲಿನ ಮೇಲೆ ನಿಂತು ಫೋನಿನಲ್ಲಿ ಯಾರನ್ನೋ ಕೂಗಿ ಕರೆಯುತ್ತಿದ್ದರು. ಬಂದ ಇಬ್ಬರು ದಳದವರು ಜಗಲಿಯ ಜನರ ಮುಖ ನೋಡಿ ಗೇಟಿನಲ್ಲೇ ನಿಂತುಬಿಟ್ಟರು.

ಹೊಸಮನಿಯವರು ವಾಪಸು ಬಂದಾಗ ಪೆಟ್ಟಿಗೆಯ ಕಲ್ಲಿನ ಮೇಲೆ ಹೆಬ್ಬೆರಳಿನಷ್ಟು ಬುಡ ಉಳಿದಿತ್ತು. ಅವರು ‘ಹವಳ ಒಂದು’ ಎಂದು ಬರೆದು ಸಹಿ ಹಾಕಿದರು.

ಆ ಬುಡ ಕಂಪೆನಿಯ ಹೊಳೆಯುವ ತೊಟ್ಟಿಗೆ ಹೋಯಿತು. ಅಲ್ಲಿ ಸತ್ತಿತು. ಹರಿಣಾಕ್ಷಿಯ ಕೆಲಸ ಅವತ್ತೇ ಹೋಗಿತ್ತು, ಕೇಸೂ ಬಿತ್ತು. ಆದರೆ ಜಗಲಿಯಲ್ಲಿ ಅವಳು ಕೂಗಿದ್ದು ಬಾಯಿಂದ ಬಾಯಿಗೆ ಹೋಯಿತು. ಬೈಂದೂರಿನಲ್ಲಿ ಒಬ್ಬರು ಸುತ್ತಿಗೆಯಿಂದ ಬೀಗ ಒಡೆದರು, ಕಾಪುವಿನಲ್ಲಿ ಒಬ್ಬರು ಯಂತ್ರವನ್ನೇ ಕಿತ್ತು ಕಂಪೆನಿಯ ಮೆಟ್ಟಿಲ ಮೇಲೆ ಬಿಸಾಡಿ ಬಂದರು. ಕಂಪೆನಿ ‘ಪೋಷಕ ವಿಧಾನ’ ಎಂಬ ಹೊಸ ಹೆಸರಿಟ್ಟು ಸದ್ದಿಲ್ಲದೆ ಆದೇಶ ಬದಲಿಸಿತು. ತಪ್ಪಿನ ಬಗ್ಗೆ ಒಂದು ಮಾತಿಲ್ಲ. ಕೇಸುಗಳನ್ನೂ ಹಿಂತೆಗೆಯಲಿಲ್ಲ. ಹರಿಣಾಕ್ಷಿ ಪ್ರತಿ ದಿನ ಬೆಳಿಗ್ಗೆ ಸಿಟ್ಟಿನಲ್ಲೇ ಏಳುತ್ತಿದ್ದಳು. ಯಾರ ಮನೆಯಲ್ಲಾದರೂ ಹವಳ ಮುದುಡಿದರೆ ಸಿಟ್ಟಿನಲ್ಲೇ ಹೋಗಿ ನೋಡಿ, ಸರಿಮಾಡಿ ಬರುತ್ತಿದ್ದಳು.

ಆ ಮಳೆಗಾಲ ಕಡಲು ನಿಜಕ್ಕೂ ತಣಿಯಿತು. ಮಳೆ ಹಿಂದೆ ಸರಿದ ಮೇಲೆ ಹವಳಗಳನ್ನು ದ್ವೀಪಗಳ ಬುಡಕ್ಕೆ ಮರಳಿಸಬಹುದು ಎಂದು ಸುದ್ದಿಯಾಯಿತು. ಆಗ ಒಂದು ಮಧ್ಯಾಹ್ನ ಹತ್ವಾರರು ಪಡುಕೆರೆಯ ಅವಳ ಮನೆಗೆ ಬಂದರು. ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆದುಕೊಂಡು ಬಂದಿದ್ದರು.

"ನಮ್ಮ ತೊಟ್ಟಿಗಳಲ್ಲಿ ತೊಗಲು ಹವಳ ಒಂದೂ ಉಳಿದಿಲ್ಲ," ಎಂದರು. "ಭಂಡಾರಿಯ ಆ ಗುರುತಿನ ಹವಳ ಕಾವು ತಡೆಯುವಂಥದು, ಕಡಲಿಗೆ ಇದೇ ಬೇಕು. ನಿಮ್ಮವರ ಹತ್ತಿರ ಇದೆ. ಕೆಲವು ತುಂಡು ಕೊಡಿಸಿ. ನಿಮ್ಮ ಕೇಸಿನ ವಿಷಯ ನಾನು ಮಾತಾಡುತ್ತೇನೆ."

"ನನ್ನ ಕೇಸು ಇರ್ಲಿ."

"ಹರಿಣಾಕ್ಷಿಯವರೇ, ಸಿಟ್ಟು ನನ್ನ ಮೇಲೆ. ಹವಳ ಏನು ಮಾಡಿತು?"

ಆ ಮಾತು ಅವಳಿಗೆ ನಾಟಿತು. ನಾಟಿದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. ಇಷ್ಟು ದಿನ ಹವಳದ ಬಗ್ಗೆ ಯೋಚಿಸದ ಬಾಯಿ ಈಗ ಹವಳದ ಹೆಸರು ಹೇಳುತ್ತಿದೆ. ಆದರೂ ಮಾತು ಸುಳ್ಳಲ್ಲ. ಹವಳ ಕಡಲಿಗೆ ಹೋಗಲೇಬೇಕು. ಅದಕ್ಕೇ ತಾನೇ ಎಲ್ಲರೂ ಸಾಕಿದ್ದು.

"ಕೊಡ್ತೇವೆ," ಎಂದಳು. "ನೀವು ಹೇಳ್ಬೇಕಾದ್ದನ್ನು ಹೇಳಿದ ಮೇಲೆ. ಬನ್ನಿ."

ಅವಳು ಅವರನ್ನು ಸೀದಾ ಶೇಖರನ ಸಲೂನಿಗೆ ಕರೆದುಕೊಂಡು ಹೋದಳು. ಕುರ್ಚಿಯಲ್ಲಿ ಒಬ್ಬ, ಬೆಂಚಿನಲ್ಲಿ ನಾಲ್ಕೈದು ಮಂದಿ. ಕನ್ನಡಿಗಳ ನಡುವೆ ಬೀಗ ಒಡೆದ ತೊಟ್ಟಿ, ಗಾಜಿನ ಅಂಚಿಗೆ ಹಸಿರು ಪಾಚಿ, ಒಳಗೆ ಹೊಸ ಚೂರು ಚಿಗುರಿ ನಿಂತಿತ್ತು. ಹತ್ವಾರರನ್ನು ಕಂಡು ಶೇಖರನ ಕೈ ನಿಂತಿತು.

"ಶೇಖರ್ ಅವರೇ," ಹತ್ವಾರರು ಗಂಟಲು ಸರಿಮಾಡಿಕೊಂಡರು. "ತಾಂತ್ರಿಕ ಕಾರಣಗಳಿಂದ, ಕೆಲವು ಮಾನದಂಡಗಳ ಅತಿಯಾದ ಅನುಷ್ಠಾನದಿಂದಾಗಿ..."

"ಹಾಗೆ ಹೇಳಿದ್ರೆ ನಮಗೆ ಅರ್ಥ ಆಗುದಿಲ್ಲ," ಎಂದ ಶೇಖರ.

ಬೆಂಚಿನವರು ಪೇಪರು ಮಡಚಿಟ್ಟರು. ಹತ್ವಾರರು ಹರಿಣಾಕ್ಷಿಯನ್ನು ನೋಡಿದರು. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹವಳ ಸತ್ತದ್ದು ನಿಮ್ಮಿಂದ ಅಲ್ಲ," ಎಂದರು ಹತ್ವಾರರು. "ನಾವು ಅದಕ್ಕೆ ಅನ್ನ ನಿಲ್ಲಿಸಿದೆವು. ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ."

ಶೇಖರ ‘ಪರವಾಗಿಲ್ಲ’ ಎನ್ನಲಿಲ್ಲ. ಕುರ್ಚಿಯಲ್ಲಿದ್ದವನ ಕತ್ತನ್ನು ಮೆಲ್ಲಗೆ ತಿರುಗಿಸಿ ಕೆಲಸ ಮುಂದುವರಿಸಿದ. ಸ್ವಲ್ಪ ಹೊತ್ತಿನ ಮೇಲೆ, "ನನಗೆ ಒಬ್ಬನಿಗೆ ಹೇಳಿದ್ರೆ ಆಯ್ತಾ? ನೋಟೀಸು ನನಗೆ ಒಬ್ಬನಿಗೇ ಕೊಟ್ಟದ್ದಾ?" ಎಂದ.

"ಎಲ್ಲ ಮನೆಗೂ ಪತ್ರ ಕಳಿಸುತ್ತೇವೆ."

"ಪತ್ರ ಬೇಡ," ಎಂದಳು ಹರಿಣಾಕ್ಷಿ. "ಕಾಲುಂಟಲ್ಲ ನಿಮಗೆ. ಮನೆಮನೆಗೆ ಹೋಗಿ ಹೇಳಿ. ನೀವು ಹೇಳಿದ ಮನೆಯಿಂದ ಒಂದೊಂದು ತುಂಡು ಬರ್ತದೆ. ಹೇಳದ ಮನೆಯಿಂದ ಬರುದಿಲ್ಲ."

"ಕಾರವಾರದವರೆಗೂ?"

"ಉಳ್ಳಾಲದವರೆಗೂ."

ಅವರು ತಪ್ಪಿಸಿಕೊಂಡು ಕಾರಿನ ಕಡೆ ತಿರುಗುತ್ತಾರೇನೋ ಎಂದು ಅವಳು ಜೊತೆಗೇ ನಡೆದಳು. ಪಕ್ಕದ ಗಲ್ಲಿಯಲ್ಲಿ ಫಿನಾಯಿಲಿನ ಆರೋಪ ಹೊತ್ತ ಮನೆ. ಹರಿಣಾಕ್ಷಿಯೇ ಬಾಗಿಲು ತಟ್ಟಿದಳು. ಒಳಗಿನಿಂದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಅಪರಿಚಿತ ಗಂಡಸನ್ನು ಮೇಲಿಂದ ಕೆಳಗೆ ನೋಡಿದರು.

"ಯಾರು? ಎಂತ ಆಗ್ಬೇಕಿತ್ತು?"

ಹತ್ವಾರರು ಕನ್ನಡಕ ತೆಗೆದು ಒರೆಸತೊಡಗಿದರು. ಹರಿಣಾಕ್ಷಿ ಕೈಕಟ್ಟಿ ನಿಂತು ಅವರ ಕಡೆ ತಿರುಗಿದಳು.

"ಹೇಳಿ," ಎಂದಳು.